ಕಮಲಾಪುರದಲ್ಲಿ ಬಿಟ್ಟು ಬಂದ ಹಾಳೆ

ಸ್ವಲ್ಪ ತಡೆಯಿರಿ. ಈ ಬ್ಲಾಗಿನ ಮೇಲ್ ಮರ್ಜ್ ಪಾಠದ ಎರಡನೆಯ ಭಾಗ ಯಾವಾಗ ಎಂದು ಕೇಳಿ ಬರೆದವರಿಗೆಲ್ಲ ಉತ್ತರ ಕೊಡುತ್ತೇನೆ, ಆದರೆ ಮೊದಲು ಇದೊಂದನ್ನು ಕೇಳಿಸಿಕೊಳ್ಳಿ. ಪಾಠ ಎಲ್ಲಿಗೂ ಓಡಿಹೋಗುವುದಿಲ್ಲ. ಅದನ್ನು ಬರೆಯಲೆಂದು ನಾಲ್ಕು ಸಲ ಕೂತೆ, ನಾಲ್ಕು ಸಲವೂ ಅರ್ಧಕ್ಕೇ ಎದ್ದೆ. ಯಾಕೆ ಎಂದು ಹೇಳಿಬಿಟ್ಟರೆ ಮುಂದೆ ಕೈ ಓಡಬಹುದು.

ಆಗ ನಾನು ಕಲಬುರಗಿಯ ಸೇಡಂ ರಸ್ತೆಯಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿದ್ದೆ. ಎರಡು ಕಂಪ್ಯೂಟರು, ಒಂದು ಸ್ಕ್ಯಾನರು, ಬೇಸಿಗೆಯಲ್ಲಿ ಕಾದು ನಿಂತುಬಿಡುವ ಒಂದು ಕಲರ್ ಪ್ರಿಂಟರು. ಕಂಪ್ಯೂಟರನ್ನು ನನಗೆ ಯಾರೂ ಕಲಿಸಲಿಲ್ಲ. ಕೆಡಿಸಿ ಕೆಡಿಸಿ ಕಲಿತೆ. ಅಂಥವರಿಗೆ ಒಂದು ರೋಗ ಇರುತ್ತದೆ, ಹೊಸದೊಂದು ಕಲಿತ ದಿನವೇ ಅದನ್ನು ಎಲ್ಲಾದರೂ ಬಳಸಬೇಕು.

ಅಂಗಡಿಯ ಕೆಲಸದ ಜೊತೆಗೆ ಇನ್ನೊಂದು ಕೆಲಸ ಹಿಡಿದಿದ್ದೆ. ಬೆಂಗಳೂರಿನ ಒಂದು ಕಂಪನಿ, ನೌಕರಿಗೆ ಅರ್ಜಿ ಹಾಕಿದವರ ಹಿನ್ನೆಲೆ ಪರಿಶೀಲನೆ ಮಾಡಿಸುತ್ತಿತ್ತು. ಅಭ್ಯರ್ಥಿ ಬರೆದುಕೊಟ್ಟ ಮನೆ ನಿಜವೇ, ಓದಿದ ಶಾಲೆ ನಿಜವೇ, ಮೊದಲು ಮಾಡಿದ ಕೆಲಸ ನಿಜವೇ, ಮೂರನ್ನೂ ಹೋಗಿ ನೋಡಬೇಕು. ವಿವರ ಮೇಲ್‌ನಲ್ಲಿ ಬರುತ್ತಿತ್ತು. ಫಾರ್ಮ್ ಪ್ರಿಂಟ್ ತೆಗೆದುಕೊಂಡು ಹೋಗಿ, ಸಹಿ ಮತ್ತು ಮೊಹರು ಹಾಕಿಸಿ, ಸ್ಕ್ಯಾನ್ ಮಾಡಿ ಐದು ದಿನದೊಳಗೆ ವಾಪಸು ಕಳಿಸಬೇಕು.

ಆ ಫಾರ್ಮುಗಳನ್ನು ಉಳಿದವರು ಕೈಯಲ್ಲಿ ತುಂಬುತ್ತಿದ್ದರು. ನಾನು ಹಾಗೆ ಮಾಡಲಿಲ್ಲ. ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದೆ, ಒಬ್ಬೊಬ್ಬರಿಗೆ ಒಂದು ಸಾಲು, ಆ ಸಾಲಿನಲ್ಲಿ ಹೆಸರು, ಹುಟ್ಟಿದ ತಾರೀಖು, ಈಗಿನ ವಿಳಾಸ, ಫೋನು, ಸೇರಬೇಕೆಂದಿರುವ ಜಾಗ. ವರ್ಡ್‌ನಲ್ಲಿ ಒಂದು ನಮೂನೆ ಮಾಡಿ ಎರಡನ್ನೂ ಜೋಡಿಸಿದೆ. ಗುಂಡಿ ಒತ್ತಿದರೆ ಪಟ್ಟಿಯಲ್ಲಿದ್ದದ್ದೆಲ್ಲ ನಮೂನೆಯ ಖಾಲಿ ಜಾಗಕ್ಕೆ ತಾನಾಗಿ ಬಂದು ಕೂರುತ್ತಿತ್ತು. ಮೇಲ್ ಮರ್ಜ್ ಎಂದರೆ ಇಷ್ಟೇ. ಬೆಂಗಳೂರಿನ ಸೂಪರ್‌ವೈಸರ್ ಒಂದು ಸಲ ಫೋನಿನಲ್ಲಿ, "ನಿಮ್ಮ ಫಾರ್ಮು ಎಷ್ಟು ನೀಟಾಗಿರುತ್ತೆ ಕಣ್ರೀ" ಎಂದಿದ್ದರು. ಆ ಮಾತು ಒಂದು ವಾರ ತಲೆಯಲ್ಲಿ ಓಡಾಡಿಕೊಂಡಿತ್ತು.

ಸೋಮವಾರ ಬಂದ ಕೇಸು ಸೇಡಂ ರಸ್ತೆಯಲ್ಲೇ ಹೊಸದಾಗಿ ಶುರುವಾಗಲಿದ್ದ ಒಂದು ಖಾಸಗಿ ಆಸ್ಪತ್ರೆಯದು. ರೆಕಾರ್ಡ್ ರೂಮಿನಲ್ಲಿ ಟೈಪಿಂಗ್ ಕೆಲಸ. ಅಭ್ಯರ್ಥಿಯ ಹೆಸರು ಹೆಣ್ಣಿನದು, ಫೋಟೋದಲ್ಲಿ ಇದ್ದದ್ದೂ ಬಾಚಿ ಜಡೆ ಹಾಕಿದ ಒಬ್ಬ ಹೆಣ್ಣುಮಗಳು. ಜೊತೆಗಿಟ್ಟ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮಾತ್ರ ಗಂಡು ಹೆಸರು. ಆ ಎರಡು ಹೆಸರುಗಳನ್ನೂ ನಾನು ಇಲ್ಲಿ ಬರೆಯುವುದಿಲ್ಲ.

ಹೆಸರು ಹೊಂದದಿರುವುದು ನಮ್ಮ ಕಡೆ ದೊಡ್ಡ ವಿಷಯವಲ್ಲ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಅದರ ಮೇಲೆ ಬೆರಳಿನಿಂದ ಸೊಸೆಗೆ ಹೊಸ ಹೆಸರು ಬರೆಸುವ ಮನೆಗಳು ಎಷ್ಟೋ ಇವೆ. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಒಂದು. ಅಂಥ ಕೇಸಿಗೆ ಲಗ್ನಪತ್ರಿಕೆ ಲಗತ್ತಿಸಿದರೆ ಮುಗಿಯಿತು, ಯಾರೂ ಮುಂದೆ ಕೇಳುವುದಿಲ್ಲ. ಇದು ಅದಲ್ಲ. ಯಾರದೋ ಅಂಕಪಟ್ಟಿ ತಪ್ಪಿ ಸೇರಿದೆ ಎಂದುಕೊಂಡು ಫೋನ್ ಮಾಡಿದೆ.

"ಮನಿಗೆ ಬರ್ರಿ, ಹೇಳ್ತೀನಿ," ಎಂದರು ಆಕೆ. "ಮೂಲಿ ಅಂಗಡ್ಯಾಗ ಮಾತ್ರ ಕೇಳಬ್ಯಾಡ್ರಿ. ನಾನೇ ಓಣಿ ಬಾಯಿಗೆ ಬಂದು ನಿಂದರ್ತೀನಿ."

ಮನೆ ಕಲಬುರಗಿಯೊಳಗೇ, ಗಾಜಿಪುರ ಬಡಾವಣೆಯಲ್ಲಿ. ಮುಂದಿನ ಭಾಗದಲ್ಲಿ ಮನೆಯೊಡತಿ, ಹಿಂದೆ ಒಂದು ಕೋಣೆಯಲ್ಲಿ ಆಕೆ. ಮನೆಯೊಡತಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು. ನನ್ನ ಕೈಯಲ್ಲಿನ ಫೈಲು ನೋಡಿ, "ವರ ನೋಡ್ಲಿಕ್ಕೆ ಬಂದಾನೇನವ್ವಾ? ಫೈಲ್ ಹಿಡ್ಕೊಂಡು ಬಂದಾನ, ಚಲೋ ಪಗಾರ ಇದ್ದಂಗದ," ಎಂದಳು.

"ನೌಕರಿ ತಪಾಸಣಿ ಅಕ್ಕಾ. ವರ ಇಷ್ಟು ಸಣಕಲ ಬ್ಯಾಡ ನನಗ," ಎಂದರು ಆಕೆ. ಇಬ್ಬರೂ ನಕ್ಕರು. ಆ ನಗು ನೋಡಿದರೆ ಅವರಿಬ್ಬರಿಗೆ ಹಳೆಯ ಸಲಿಗೆ ಎಂದು ಗೊತ್ತಾಗುತ್ತಿತ್ತು.

ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಸ್ಟವ್ವು, ಟೈಪ್‌ರೈಟರಿನ ಹಳೆಯ ಡಬ್ಬಿ. ಆಕೆ ಕೋರ್ಟಿನ ಹೊರಗೆ ಒಬ್ಬ ನೋಟರಿಯ ಟೇಬಲ್ಲಿನಲ್ಲಿ ಟೈಪಿಸ್ಟಾಗಿದ್ದರು. ನಾನು ಸೀದಾ ವಿಷಯಕ್ಕೆ ಬಂದೆ.

"ಅಂಕಪಟ್ಟಿ ಬ್ಯಾರೇದವರದು ಹಚ್ಚೀರಿ ಅನಸ್ತದ್ರಿ."

"ಬ್ಯಾರೇದವರದಲ್ಲ. ನಂದೇ."

"ಹೆಸರು ಗಂಡಸರದು ಅದಲ್ರಿ."

"ಹೌದು. ಸಾಲ್ಯಾಗ ಹಂಗ ಬರಸ್ಯಾರ. ನಾ ಹಂಗ ಎಂದೂ ಇದ್ದಿಲ್ಲ."

ನನಗೆ ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತೋ, ಅಷ್ಟು ಹೊತ್ತು ಅವರು ಸುಮ್ಮನೆ ಕಾದರು. ಟ್ರಾನ್ಸ್‌ಜೆಂಡರ್ ಎಂಬ ಪದ ನನಗೆ ಗೊತ್ತಾದದ್ದು ಆಮೇಲೆ, ಇಂಟರ್ನೆಟ್ಟಿನಲ್ಲಿ ಹುಡುಕಿದಾಗ. ಆ ದಿನ ನನಗೆ ಗೊತ್ತಿದ್ದದ್ದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ಎರಡು ಮೂರು ಪದ, ಎಲ್ಲವೂ ಬೈಗುಳ. ಒಂದೂ ಎದುರಿಗೆ ಕೂತಿದ್ದ ಈ ಹೆಣ್ಣುಮಗಳಿಗೆ ಹೊಂದುತ್ತಿರಲಿಲ್ಲ.

ಅವರು ನೋಟರಿ ಮೊಹರಿದ್ದ ಒಂದು ಅಫಿಡವಿಟ್ ತೆಗೆದು ಕೊಟ್ಟರು. ಹಳೆಯ ಹೆಸರು ಬಿಟ್ಟು ಈ ಹೆಸರು ಇಟ್ಟುಕೊಂಡಿದ್ದೇನೆ ಎಂದಷ್ಟೇ ಅದರಲ್ಲಿತ್ತು.

"ಪೇಪರ್‌ನ್ಯಾಗ ಜಾಹೀರಾತು ಕೊಟ್ಟೀರೇನ್ರಿ? ಅದರ ಕಟಿಂಗ್ ಕೇಳ್ತಾರ," ಎಂದೆ.

"ಪೇಪರ್‌ನ್ಯಾಗ ಹಾಕಿದ್ರ ಮುಚ್ಚಿಡೋದು ಏನ್ ಉಳೀತದ್ರಿ? ಲಗ್ನ ಆದ ಹೆಣ್ಣಮಕ್ಕಳ ಹೆಸರಿನ ಅಫಿಡವಿಟ್ಟು ದಿನಾ ನಾಕು ಹೊಡೀತೀನಿ ನಾ. ಯಾರನ್ನೂ ಯಾಕ ಅಂತ ಕೇಳಂಗಿಲ್ಲ. ನಂದೊಂದಕ್ಕ ಎಲ್ಲಾರೂ ಕೇಳ್ತಾರ."

ಆಮೇಲೆ ನಿಧಾನವಾಗಿ ಉಳಿದದ್ದನ್ನು ಹೇಳಿದರು. ತವರು, ಓದಿದ ಶಾಲೆ ಎರಡೂ ಹುಮನಾಬಾದ್ ದಾರಿಯ ಕಮಲಾಪುರದಲ್ಲಿ. ಮನೆ ಬಿಟ್ಟು ಬಂದಾಗಿನಿಂದ ತಾನು ಎಲ್ಲಿದ್ದೇನೆ ಎಂದು ಅಲ್ಲಿ ಯಾರಿಗೂ ಹೇಳಿಲ್ಲ. ಅಣ್ಣ ಎರಡು ಸಲ ಸೊಲ್ಲಾಪುರದ ತನಕ ಹುಡುಕಿಕೊಂಡು ಹೋಗಿದ್ದನಂತೆ. ಇತ್ತ ಗಾಜಿಪುರದಲ್ಲಿ ಹಳೆಯ ಹೆಸರು ಯಾರಿಗೂ ಗೊತ್ತಿಲ್ಲ. ಈ ಎರಡು ಊರು ಒಂದಕ್ಕೊಂದು ಮುಟ್ಟದೆ ಇರುವ ತನಕ ಮಾತ್ರ ಈ ಕೋಣೆ, ಈ ನೌಕರಿ.

"ನೀವು ಸಾಲಿಗೆ ಹೋಗ್ರಿ, ಬ್ಯಾಡ ಅನ್ನಂಗಿಲ್ಲ," ಎಂದರು. "ದಾಖಲಾತಿ ನಂಬರು ಕೊಡ್ತೀನಿ. ನಂಬರು, ಹುಟ್ಟಿದ ತಾರೀಖು, ತಾಯಿ ಹೆಸರು, ಇಷ್ಟು ಸರಿ ಅದನೋ ಇಲ್ಲೋ ಕೇಳ್ರಿ. ಈಗಿನ ಹೆಸರು ಅಲ್ಲಿ ಎತ್ತಬ್ಯಾಡ್ರಿ."

"ನನ್ನ ಬಾಯಿಂದ ಒಂದು ಮಾತು ಹೊರಗ ಹೋಗಂಗಿಲ್ರಿ," ಎಂದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಹೊರಡುವಾಗ ಅವರು ಹತ್ತನೆಯ ತರಗತಿಯ ಹಾಲ್‌ಟಿಕೆಟ್ ತೋರಿಸಿದರು. ಅದರಲ್ಲಿ ಕತ್ತರಿಸಿದ ಕೂದಲಿನ ಒಂದು ಸಣ್ಣ ಮುಖ. ಎಡ ಹುಬ್ಬಿನ ಮೇಲೆ ಗಾಯದ ಗುರುತು. ಆ ಗುರುತು ಈಗಲೂ ಹಾಗೇ ಇತ್ತು. ಸ್ಕ್ಯಾನ್ ಮಾಡಿ ವಾಪಸು ಕೊಡುತ್ತೇನೆ, ಒಯ್ಯಲೇ ಎಂದು ಕೇಳಿದೆ. ಆಕೆ ಅದನ್ನು ಒಮ್ಮೆ ಒಳಗಿಟ್ಟು, ಮತ್ತೆ ತೆಗೆದು ಕೊಟ್ಟರು.

"ನಿಮ್ಮ ಕಂಪ್ಯೂಟರ್ದಾಗ ಇರ್ಲಿ," ಎಂದರು. "ಕಾಗದದ ಮ್ಯಾಲ ಬ್ಯಾಡ."

ಆಗಲಿ ಎಂದೆ.

ಮಂಗಳವಾರ ಸೂಪರ್‌ವೈಸರಿಗೆ ಫೋನ್ ಮಾಡಿದೆ. ಕಾರಣ ಹೇಳಲಿಲ್ಲ. ಹೆಸರು ಬದಲಾಗಿದೆ, ಮದುವೆಯಿಂದಲ್ಲ, ಅಫಿಡವಿಟ್ ಇದೆ, ಪೇಪರ್ ಕಟಿಂಗ್ ಇಲ್ಲ ಎಂದಷ್ಟೇ ಹೇಳಿದೆ.

"ಕಟಿಂಗ್ ಇಲ್ದಿದ್ರೆ ಎರಡೂ ಹೆಸರು ಒಬ್ಬರದ್ದೇ ಅನ್ನೋದಕ್ಕೆ ಏನಾದ್ರೂ ಒಂದು ಪ್ರೂಫ್ ಬೇಕಾಗುತ್ತಲ್ಲ," ಎಂದರು ಅವರು. "ಅಫಿಡವಿಟ್ಟೇ ಸಾಕಾ ಅಂತ ಆಸ್ಪತ್ರೆಯವರನ್ನ ಕೇಳಿ ನೋಡ್ತೀನಿ. ಎರಡು ದಿನ ಆಗುತ್ತೆ. ಕಾಯ್ತೀರಾ?"

ಈ ಪ್ರಶ್ನೆಗೆ ಹೂಂ ಎಂದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆದರೆ ಅದೇ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು, ಅದು ಎಷ್ಟು ಚೆಂದ ಅನಿಸಿತ್ತು ಎಂದರೆ ಎರಡು ದಿನ ಕಾಯುವುದು ದಂಡ ಅನಿಸಿತು.

"ಬ್ಯಾಡ್ರಿ ಸರ್. ಪ್ರೂಫ್ ನಾನೇ ತರ್ತೀನಿ," ಎಂದೆ.

ಉಪಾಯ ಇದು. ಹಾಲ್‌ಟಿಕೆಟ್ಟಿನ ಫೋಟೋ ಎಡಕ್ಕೆ, ಈಗಿನ ಫೋಟೋ ಬಲಕ್ಕೆ, ಎರಡನ್ನೂ ಒಂದೇ ಅಳತೆಗೆ ತಂದು, ಹುಬ್ಬಿನ ಮೇಲಿನ ಗುರುತಿಗೆ ಎರಡೂ ಕಡೆ ಸಣ್ಣ ಕೆಂಪು ವೃತ್ತ. ಕೆಳಗೆ ಶಾಲೆಯವರು 'ನಮ್ಮ ದಾಖಲಾತಿಯಂತೆ ಸರಿಯಿದೆ' ಎಂದು ಬರೆದು ಮೊಹರು ಹಾಕಲು ಜಾಗ. ಹಳೆಯ ಫೋಟೋ ಬಹಳ ಮಾಸಿತ್ತು. ಅದರ ಬೆಳಕು ಏರಿಸಿ, ಚುಕ್ಕೆಗಳನ್ನು ಒಂದೊಂದಾಗಿ ಒರೆಸಿ, ಮಧ್ಯಾಹ್ನವೆಲ್ಲ ಅದರಲ್ಲೇ ಕಳೆದೆ. ಮುಗಿದಾಗ ಯಾರು ನೋಡಿದರೂ ಒಬ್ಬರೇ ಎನ್ನುವಂತಿತ್ತು. ಆಕೆಗೆ ಉಪಕಾರ ಮಾಡುತ್ತಿದ್ದೇನೆ ಎಂದು ನಂಬಿದ್ದೆ. ಅವರು ಮುಚ್ಚಿಡಲು ಇಷ್ಟು ವರ್ಷ ಕಷ್ಟಪಟ್ಟದ್ದನ್ನು ನಾನು ಅರ್ಧ ದಿನದಲ್ಲಿ ಢಾಳಾಗಿ ಕಾಣುವಂತೆ ಮಾಡುತ್ತಿದ್ದೇನೆ ಎಂದು ಒಂದು ಸಲವೂ ಹೊಳೆಯಲಿಲ್ಲ.

ಕಾಗದದ ಮೇಲೆ ಬೇಡ ಎಂದಿದ್ದು ನೆನಪಿತ್ತು. ಮರೆತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದೇ ಒಂದು ಹಾಳೆ, ನಾನೇ ಒಯ್ದು ನಾನೇ ತರುತ್ತೇನೆ, ಅದೇನು ಕಾಗದ ಎಂದು ಎಣಿಸಬೇಕೇ ಎಂದು ನನಗೆ ನಾನೇ ಹೇಳಿಕೊಂಡು ಪ್ರಿಂಟ್ ಕೊಟ್ಟೆ.

ಬುಧವಾರ ಬೆಳಿಗ್ಗೆ ಹುಮನಾಬಾದ್ ಬಸ್ಸು ಹಿಡಿದು ಕಮಲಾಪುರದಲ್ಲಿ ಇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿಗಳು, ಅವುಗಳ ನಡುವೆ ದಾರಿ ಮಾಡಿಕೊಂಡು ಶಾಲೆಗೆ ನಡೆದೆ. ಹೆಡ್‌ಮಾಸ್ತರು ಮೀಟಿಂಗಿಗೆಂದು ಕಲಬುರಗಿಗೆ ಹೋಗಿದ್ದರು. ಗುಮಾಸ್ತರು ಇದ್ದರು. ವಯಸ್ಸಾದವರು, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದರು. ದಾಖಲಾತಿ ನಂಬರು ಹೇಳಿದ ಕೂಡಲೇ ಕಪಾಟಿನಿಂದ ದಪ್ಪ ರಿಜಿಸ್ಟರು ಇಳಿಸಿ, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿ, ಒಂದು ನಿಮಿಷದಲ್ಲಿ ಆ ಸಾಲು ಹುಡುಕಿದರು. ನಂಬರು ಸರಿ. ತಾರೀಖು ಸರಿ. ತಾಯಿಯ ಹೆಸರು ಸರಿ. ಅಂಕಪಟ್ಟಿಯ ನಕಲನ್ನಷ್ಟೇ ಮೊಹರಿಗೆಂದು ಕೊಟ್ಟು ಎದ್ದು ಬಂದಿದ್ದರೆ ಆಕೆ ಹೇಳಿದ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

ನಾನು ಹಾಳೆ ತೆಗೆದು ಅವರ ಮುಂದಿಟ್ಟೆ.

ಅವರು ಕನ್ನಡಕ ಏರಿಸಿ ನೋಡಿದರು. ಇಳಿಸಿ ನೋಡಿದರು. "ಯಾರ ಮಾಡ್ಯಾರ್ರೀ ಇದು? ಭಾಳ ಚಂದ ಮಾಡ್ಯಾರ."

"ನಾನೇ ಮಾಡೀನ್ರಿ."

"ಹೌದಾ? ಕಂಪ್ಯೂಟರಿನ್ಯಾಗ? ನಮ್ಮ ಸಾಲಿ ಫೋಟೋನೂ ಹಿಂಗ ಮಾಡಿ ಕೊಡ್ತೀರೇನ್ರಿ, ಎಲ್ಲಾ ಹುಳಾ ತಿಂದಾವ." ಮತ್ತೆ ನೋಡಿದರು. "ಈ ಹುಡುಗನ್ನ ನಾ ಬಲ್ಲೆ. ಹಾಡು ಚಲೋ ಹಾಡ್ತಿದ್ದ. ಈಕಿ ಇವನ ತಂಗಿ ಏನು?"

ನಾನು ಬಾಯಿ ಮುಚ್ಚಿಕೊಂಡಿದ್ದೆ. ಕೊಟ್ಟ ಮಾತಿನಂತೆ. ಅವರು ಹಾಳೆಯಲ್ಲಿ ನಾನು ಟೈಪ್ ಮಾಡಿದ್ದ ಸಾಲನ್ನು ಗಟ್ಟಿಯಾಗಿ ಓದಿದರು, 'ಎರಡೂ ಭಾವಚಿತ್ರಗಳು ಒಬ್ಬರೇ ವ್ಯಕ್ತಿಯವು.' ಆಮೇಲೆ ರಿಜಿಸ್ಟರಿನ ಸಾಲನ್ನು ಇನ್ನೊಮ್ಮೆ ನೋಡಿದರು.

"ಮಾಸ್ತರ ಇಲ್ದ ಶಿಕ್ಕಾ ಹೊಡ್ಯಾಕ ಬರಂಗಿಲ್ಲ," ಎಂದರು ಕೊನೆಗೆ. "ಬಿಟ್ಟು ಹೋಗ್ರಿ. ನಾಳಿ ಮುಂಜಾನಿ ತಯಾರ ಇರ್ತದ."

ಅದನ್ನು ವಾಪಸು ಚೀಲಕ್ಕೆ ಹಾಕಿಕೊಂಡು ನಾಳೆ ಮತ್ತೆ ಬರಬಹುದಿತ್ತು. ಸಂಜೆಯ ತನಕ ಅಲ್ಲೇ ಕೂರಲೂಬಹುದಿತ್ತು. ಕಲಬುರಗಿಯಲ್ಲಿ ಕೋಟೆಯ ಹತ್ತಿರ ಇನ್ನೆರಡು ಮನೆ ನೋಡುವುದಿತ್ತು, ಐದು ದಿನದ ಗಡುವು ಕಣ್ಣ ಮುಂದಿತ್ತು. ಹಾಳೆಯನ್ನು ರಿಜಿಸ್ಟರಿನೊಳಗೆ ಮಡಿಸದೆ ಇಡಿ, ಗೆರೆ ಬೀಳುತ್ತದೆ ಎಂದು ಹೇಳಿ ಬಸ್ಸು ಹತ್ತಿದೆ. ಗೆರೆಯ ಬಗ್ಗೆ ಹೇಳಿದೆ. ಯಾರಿಗೂ ತೋರಿಸಬೇಡಿ ಎಂದು ಹೇಳಲಿಲ್ಲ.

ಗುರುವಾರ ಹೋದಾಗ ಗುಮಾಸ್ತರು ನನ್ನನ್ನು ದೂರದಿಂದಲೇ ನೋಡಿ ಕೈ ಎತ್ತಿದರು. ಹಾಳೆ ತಯಾರಿತ್ತು. ಹೆಡ್‌ಮಾಸ್ತರ ಸಹಿ, ದುಂಡನೆಯ ನೀಲಿ ಮೊಹರು. ಅದರ ಕೆಳಗೆ ಪೆನ್ಸಿಲ್ಲಿನ ಗೆರೆಯಷ್ಟು ತೆಳುವಾದ ಅಕ್ಷರದಲ್ಲಿ ಇನ್ನೊಂದು ಸಹಿ.

"ಇದು ಯಾರದ್ರಿ?"

"ಅವರಣ್ಣಂದು. ಬಸ್‌ಸ್ಟ್ಯಾಂಡಿನ್ಯಾಗ ಬಾಳಿಹಣ್ಣಿನ ಗಾಡಿ ಅದಲ್ಲ, ಅವನೇ. ನಮ್ಮಲ್ಲಿ ರಿವಾಜು ಹಂಗ ಅದ ಸಾಹೇಬ್ರ, ಹೆಸರಿನ್ಯಾಗ ಏನರ ಫರಕ್ ಇದ್ರ ಮನಿಯವರದೊಂದು ದಸ್ಕತ್ ತಗೋತೀವಿ. ನಾಳಿಗೆ ಯಾರರ ಕೇಳಿದ್ರ ನಮಗೂ ಬಲ, ನಿಮಗೂ ಬಲ."

"ಅವರು ಏನಂದ್ರು?"

"ಏನೂ ಅನ್ನಲಿಲ್ಲ. ಭಾಳ ಹೊತ್ತು ಹಿಡಕೊಂಡು ಕುಂತಿದ್ದ. ಒಂದು ಝೆರಾಕ್ಸ್ ತಗೊಂಡು ಇದನ್ನ ವಾಪಸ ಕೊಟ್ಟ."

ಆಗ ನಾನು ಹಾಳೆಯ ಕೆಳಭಾಗ ನೋಡಿದೆ. ಆ ಫೋಟೋಗಳಲ್ಲೇ ಮುಳುಗಿದ್ದವನು ಅದನ್ನು ನೋಡಿಯೇ ಇರಲಿಲ್ಲ. ನನ್ನ ಮಾಮೂಲಿ ನಮೂನೆಯ ಮೇಲೆಯೇ ಹಾಳೆ ಮಾಡಿದ್ದೆ. ಅಡಿಯಲ್ಲಿ, ಎಲ್ಲ ಫಾರ್ಮುಗಳಲ್ಲಿ ಬರುವಂತೆಯೇ, ಪಟ್ಟಿಯಲ್ಲಿದ್ದದ್ದು ತಾನಾಗಿ ಬಂದು ಕೂತಿತ್ತು. ಈಗಿನ ಹೆಸರು. ಗಾಜಿಪುರದ ಮನೆ ನಂಬರು, ಓಣಿ, ಗುರುತಿಗೆ ಮೂಲೆಯ ಅಂಗಡಿ. ಫೋನು. ಸೇರಬೇಕೆಂದಿರುವ ಆಸ್ಪತ್ರೆ. ಒಂದೂ ತಪ್ಪಿಲ್ಲದೆ, ನೀಟಾಗಿ.

ಬಸ್‌ಸ್ಟ್ಯಾಂಡಿಗೆ ಓಡಿದೆ. ಗಾಡಿಯ ಮೇಲೆ ತಾಡಪತ್ರಿ ಹೊದಿಸಿತ್ತು. ಪಕ್ಕದ ಗಾಡಿಯವನು, "ಅವಾ? ಮುಂಜಾನಿ ಮೊದಲ್ನೇ ಬಸ್ಸಿಗೇ ಗುಲಬರ್ಗಾಕ್ಕ ಹೋಗ್ಯಾನಲ್ಲ. ಯಾಪಾರದ ದಿನಾ ಬಿಟ್ಟು ಹೋಗ್ಯಾನ ಅಂದ್ರ ಏನೋ ಜರೂರ್ ಇರಬೇಕು," ಎಂದ. ಆಕೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ಮಾಡುತ್ತಲೇ ಇದ್ದೆ.

ಗಾಜಿಪುರದ ಓಣಿಯಲ್ಲಿ ಜಗಳವಾಗಲಿ ಗದ್ದಲವಾಗಲಿ ಇರಲಿಲ್ಲ. ಮನೆಯೊಡತಿ ಕಟ್ಟೆಯ ಮೇಲಿದ್ದಳು. ಎದುರು ಮನೆಯ ಬಾಗಿಲಲ್ಲಿ ಮೂವರು ಹೆಂಗಸರು ನಿಂತಿದ್ದರು, ನಾನು ಬಂದ ಕೂಡಲೇ ಮಾತು ನಿಲ್ಲಿಸಿದರು.

"ಬಾರಪ್ಪಾ ತಪಾಸಣಿ," ಎಂದಳು ಮನೆಯೊಡತಿ. "ಇನ್ನ ಏನ್ ಉಳದದ ನೋಡ್ಲಿಕ್ಕೆ?"

"ಅವರಣ್ಣ ಬಂದಿದ್ರೇನ್ರಿ?"

"ಬಂದಿದ್ದ. ಬೈಲಿಲ್ಲ, ಬಡೀಲಿಲ್ಲ, ಸುಳ್ಳ ಯಾಕ ಹೇಳ್ಲಿ. ಓಣ್ಯಾಗ ನಿಂತು ಆ ಗಂಡು ಹೆಸರು ಹಿಡದು ಕೂಗಿದ. 'ಅವ್ವ ಅನ್ನಾ ಬಿಟ್ಟಾಳ, ಬಾರೋ' ಅಂತ ಕೂಗಿದ. ಯಾರನ್ನ ಕೂಗಾಕತ್ತೀಯಪ್ಪಾ ಅಂದ್ರ ಆ ಹಾಳಿ ತೋರ್ಸಿದ. ನನಗ ಒಬ್ಬಾಕಿಗೇ ತೋರ್ಸಿದ್ರ ಆಗ್ತಿತ್ತು. ಮೂಲಿ ಅಂಗಡ್ಯಾಗೂ ತೋರ್ಸಿ ಕೇಳ್ಕೊಂಡೇ ಬಂದಿದ್ದ."

ನಾನು ಏನೋ ಹೇಳಲು ಹೋದೆ. ಆಕೆ ಕೈಯಾಡಿಸಿದಳು.

"ನಾ ಕೆಟ್ಟಾಕಿ ಅಲ್ಲ. ಎರಡು ದೀಪಾವಳಿ ಒಂದೇ ಒಲಿ ಮ್ಯಾಲ ಕರದೀವಿ ಆಕಿ ಕೂಡ. ಆದ್ರ ನನಗೊಬ್ಬಾಕಿ ಮಗಳಿದ್ದಾಳ, ನಾಳಿಗೆ ಆಕಿ ಲಗ್ನ ಆಗಬೇಕು. ಓಣಿ ಬಾಯಿ ನೀ ಮುಚ್ಚತೀಯೇನು?"

ಹಿಂದಿನ ಕೋಣೆಯಲ್ಲಿ ಆಕೆ ಹಾಸಿಗೆ ಸುತ್ತಿ ಹಗ್ಗ ಕಟ್ಟುತ್ತಿದ್ದರು. ಅಣ್ಣನನ್ನು ಹೇಗೋ ಒಪ್ಪಿಸಿ ಬಸ್ಸು ಹತ್ತಿಸಿ ಬಂದಿದ್ದರಂತೆ, ನಾಳೆ ತಾಯಿಯನ್ನೂ ಇಬ್ಬರು ಹಿರಿಯರನ್ನೂ ಕರೆದುಕೊಂಡು ಬರುತ್ತೇನೆ ಎಂದು ಹೋಗಿದ್ದಾನಂತೆ. ನನ್ನನ್ನು ನೋಡಿ ಹಗ್ಗದ ಒಂದು ತುದಿ ಕೈಗೆ ಕೊಟ್ಟರು. "ಜಗ್ಗಿ ಹಿಡೀರಿ," ಎಂದರು. ಹಿಡಿದೆ.

"ನಾ ಯಾರಿಗೂ ಹೇಳಿಲ್ರಿ," ಎಂದೆ.

"ಗೊತ್ತದ. ನೀವು ಹೇಳಿಲ್ಲ. ಛಾಪಿಸೀರಿ." ದನಿಯಲ್ಲಿ ಸಿಟ್ಟಿರಲಿಲ್ಲ, ಅಥವಾ ಸಿಟ್ಟು ಮಾಡುವ ಪುರುಸೊತ್ತು ಇರಲಿಲ್ಲ. "ನಾ ಟೈಪಿಸ್ಟ್ ಇದ್ದೀನ್ರಿ. ಬಾಯಿ ಮಾತು ಬ್ಯಾರೆ, ಕಾಗದ ಬ್ಯಾರೆ ಅಂತ ನನಗ ಗೊತ್ತದ. ಅದಕ್ಕ ನಿಮಗ ಹೇಳಿದ್ದೆ."

"ಪ್ರೂಫ್ ಇದ್ರ ಕೆಲಸ ಲಗೂ ಆಗ್ತದ ಅಂತ..."

"ನನ್ನ ಕೇಳಬೇಕಿತ್ತು. ಫೋನ್ ನಂಬರ್ ಇತ್ತಲ್ಲ ನಿಮ್ಮ ಹತ್ರ. ನನ್ನ ಬಗ್ಗೆ ಊರೆಲ್ಲ ಕೇಳ್ಕೊಂಡು ಬಂದ್ರಿ, ನನಗೊಂದು ಮಾತು ಕೇಳಲಿಲ್ಲ."

ಆಟೋ ಬಂತು. ಹಾಸಿಗೆ, ಸ್ಟವ್ವು, ಒಂದು ಟ್ರಂಕು ಹಾಕಿದೆವು. ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ, ಆಸ್ಪತ್ರೆಯಿಂದ ಪತ್ರ ಬಂದರೆ ತಲುಪಿಸಬೇಕಲ್ಲ, ಒಂದು ನಂಬರಾದರೂ ಕೊಡಿ ಎಂದೆ. ಆಕೆ ನನ್ನ ಕೈಯಲ್ಲಿದ್ದ ಫೈಲಿನ ಕಡೆ ನೋಡಿದರು.

"ವಿಳಾಸದ ಖಾನಾ ಖಾಲಿ ಬಿಡ್ರಿ," ಎಂದು ಆಟೋ ಹತ್ತಿದರು.

ಮನೆಯೊಡತಿ ಒಳಗಿನಿಂದ ಒಂದು ಪೊಟ್ಟಣ ಶೇಂಗಾ ಚಟ್ನಿ ತಂದು ಆಟೋದೊಳಗೆ ಇಟ್ಟಳು. ಆಟೋ ತಿರುಗಿ ಕಾಣದಾದ ಮೇಲೂ ಎದುರಿನ ಮೂವರು ಹೆಂಗಸರು ಹಾಗೇ ನಿಂತಿದ್ದರು.

ಶುಕ್ರವಾರ ವರದಿ ಕಳಿಸುವ ದಿನ. ಹಾಳೆಯನ್ನು ಸ್ಕ್ಯಾನರಿನ ಮೇಲಿಟ್ಟು ಬಹಳ ಹೊತ್ತು ಮುಚ್ಚಳ ಮುಚ್ಚದೆ ಕೂತಿದ್ದೆ. ಕೊನೆಗೆ ಅದನ್ನು ಕಳಿಸಲಿಲ್ಲ. ಶಾಲೆಯ ದಾಖಲಾತಿ ಸರಿ ಇದೆ, ಹೆಸರು ಬದಲಾವಣೆಗೆ ಅಫಿಡವಿಟ್ ಇದೆ ಎಂದು ಎರಡು ಸಾಲು ಬರೆದೆ. ಹಳೆಯ ಫೋಟೋ, ಹೊಸ ಫೋಟೋ, ಎಲ್ಲವನ್ನೂ ಕಂಪ್ಯೂಟರಿನಿಂದ ಅಳಿಸಿದೆ. ಹಾಳೆಯನ್ನು ಹರಿದು ಹಾಕಿದೆ. ಅದರ ಝೆರಾಕ್ಸು ಕಮಲಾಪುರದಲ್ಲಿತ್ತು, ಅದನ್ನು ನೋಡಿದ ಕಣ್ಣುಗಳು ಗಾಜಿಪುರದಲ್ಲಿದ್ದವು, ನಾನು ಹರಿದದ್ದರಿಂದ ಏನೂ ಆಗಲಿಲ್ಲ.

ಪ್ರೂಫ್ ಇಲ್ಲ ಎಂದು ಸೂಪರ್‌ವೈಸರ್ ಬೈಯುತ್ತಾರೆ ಎಂದುಕೊಂಡಿದ್ದೆ. ಸಂಜೆ ಅವರೇ ಫೋನ್ ಮಾಡಿದರು.

"ಆ ರೆಕಾರ್ಡ್ ರೂಮ್ ಕೇಸು ಕ್ಲಿಯರ್ ಆಯ್ತು ಕಣ್ರೀ. ನೀವು ಬೇಡ ಅಂದ್ರೂ ನಾನು ಆಸ್ಪತ್ರೆಯವರನ್ನ ಕೇಳಿದ್ದೆ. ಅಫಿಡವಿಟ್ಟೇ ಸಾಕು, ನಮಗೆ ಟೈಪಿಂಗ್ ಸ್ಪೀಡ್ ಮುಖ್ಯ ಅಂದ್ರು. ನೀವೇನೂ ಅಷ್ಟು ಓಡಾಡಬೇಕಿರಲಿಲ್ಲ."

ಹೂಂ ಎಂದೆ.

ಎರಡು ವಾರದ ಮೇಲೆ ಅದೇ ಹೆಸರು ಮತ್ತೆ ನನ್ನ ಮೇಲ್‌ಗೆ ಬಂತು. ಆಸ್ಪತ್ರೆಯ ನೇಮಕಾತಿ ಪತ್ರ ಗಾಜಿಪುರದ ವಿಳಾಸದಿಂದ ವಾಪಸು ಬಂದಿದೆ, ಫೋನು ಸ್ವಿಚ್ ಆಫ್, ಇನ್ನೊಮ್ಮೆ ಸ್ಥಳಕ್ಕೆ ಹೋಗಿ ನೋಡಿ ಬರೆದು ಕಳಿಸಿ ಎಂದು. ಮೊದಲು ಕೋರ್ಟಿಗೆ ಹೋದೆ. ನೋಟರಿಯ ಟೇಬಲ್ಲಿನಲ್ಲಿ ಬೇರೆ ಟೈಪಿಸ್ಟ್ ಕೂತಿದ್ದ. "ಆಕಿ ಬರೂದು ಬಿಟ್ಟಾಳ್ರಿ. ಯಾರೋ ಊರವರು ಇಲ್ಲಿತನಕ ಹುಡಿಕ್ಕೊಂಡು ಬಂದಿದ್ರಂತ," ಎಂದ. ಗಾಜಿಪುರದಲ್ಲಿ ಹಿಂದಿನ ಕೋಣೆಗೆ ಸುಣ್ಣ ಹೊಡೆದಿತ್ತು, ಒಳಗೆ ಯಾರೋ ಹೊಸಬರ ತೊಟ್ಟಿಲು ಕಟ್ಟಿತ್ತು. ಮನೆಯೊಡತಿ ನನ್ನನ್ನು ನೋಡಿ ಒಳಗೆ ಹೋದಳು.

ಅಂಗಡಿಗೆ ಬಂದು ಖಾಲಿ ಫಾರ್ಮ್ ಪ್ರಿಂಟ್ ತೆಗೆದೆ. ಈ ಸಲ ಎಲ್ಲವನ್ನೂ ಕೈಯಲ್ಲೇ ತುಂಬಿದೆ. 'ಅಭ್ಯರ್ಥಿ ಸದರಿ ವಿಳಾಸದಲ್ಲಿ ವಾಸವಿಲ್ಲ.' ಅದರ ಮುಂದೆ, ಮನೆ ಬಿಡಲು ಕಾರಣವೇನು ಎಂದು ಇತ್ತು. ಪರಿಶೀಲಕನ ತಪ್ಪಿನಿಂದ ಎಂದು ಬರೆಯಲು ಪೆನ್ನು ಎತ್ತಿದೆ. ಹಾಗೆ ಬರೆದರೆ ಏನು ತಪ್ಪು ಎಂದು ಕೇಳುತ್ತಾರೆ, ಅದನ್ನು ಹೇಳಲು ಹೋದರೆ ಆಕೆ ಮುಚ್ಚಿಟ್ಟದ್ದು ಆಸ್ಪತ್ರೆಗೂ ತಿಳಿಯುತ್ತದೆ. ಹೀಗೆಂದು ಯೋಚಿಸಿದ್ದು ನಿಜ. ಕೆಲಸ ಹೋಗುತ್ತದೆ ಎಂದು ಹೆದರಿದ್ದೂ ನಿಜ. ಎರಡರಲ್ಲಿ ಯಾವುದು ಹೆಚ್ಚು ಎಂದು ಈಗಲೂ ನನಗೆ ಹೇಳಲಾಗುವುದಿಲ್ಲ.

'ಕಾರಣ ತಿಳಿದಿಲ್ಲ' ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿದೆ.

ಆ ಜಾಗ ಬೇರೆಯವರಿಗೆ ಹೋಯಿತು. ಆಕೆಯ ಸುದ್ದಿ ನನಗೆ ಮತ್ತೆ ಸಿಕ್ಕಿಲ್ಲ. ಹುಡುಕಬೇಕು ಎಂದು ಎಷ್ಟೋ ಸಲ ಅನಿಸುತ್ತದೆ, ಹುಡುಕುವುದೆಂದರೆ ಮತ್ತೆ ನಾಲ್ಕು ಜನರ ಹತ್ತಿರ ಆಕೆಯ ಬಗ್ಗೆ ಕೇಳುವುದು ಎಂದು ನೆನಪಾಗಿ ಸುಮ್ಮನಾಗುತ್ತೇನೆ.

ನೀವು ಯಾರಾದರೂ ಇಂಥ ತಪಾಸಣೆಯ ಕೆಲಸ ಮಾಡಿದ್ದರೆ, ಕೇಳಬಾರದ ಕಡೆ ಕೇಳಿ ಬಂದದ್ದಿದ್ದರೆ, ಅಥವಾ ನಿಮ್ಮ ಕಾಗದ ಹಿಡಿದುಕೊಂಡು ಯಾರೋ ನಿಮ್ಮ ಊರಿಗೆ ಹೋಗಿ ಬಂದ ಮೇಲೆ ನಿಮಗೆ ಏನಾಯಿತು ಎಂದು ಹೇಳಬೇಕೆನಿಸಿದರೆ, ಕೆಳಗೆ ಬರೆಯಿರಿ. ಹೆಸರು ಹಾಕಬೇಡಿ. ಊರೂ ಬೇಡ. ನಿಮಗೆ ಬೇಕೆನಿಸಿದಷ್ಟೇ ಬರೆದು ಬಿಡಿ, ಉಳಿದದ್ದನ್ನು ನಾನು ಕೇಳುವುದಿಲ್ಲ.